ಗಾಡಿಗೆ ಹೇಳಿದ ಮಾತು

ನಮ್ಮ ಕೊಟ್ಟೂರು ಕಡೆ ಮಾತು ಬಿಡೂದು ಅಂದ್ರ ಜಗಳ ಅಲ್ಲ. ಜಗಳಾಡಿದೋರು ಬೈದಾಡ್ತಾರ, ಕಲ್ಲು ತಗೊಂತಾರ, ಯಾರೋ ಹಿರೇರು ನಡುವ ಬಂದು ಚಾ ಕುಡಿಸಿ ಒಂದು ಮಾಡ್ತಾರ. ಮಾತು ಬಿಟ್ಟೋರು ಹಂಗಲ್ಲ. ಅವರು ಒಬ್ಬರ ಮನಿ ಮದುವಿಗೆ ಒಬ್ಬರು ಬರ್ತಾರ, ಮುಯ್ಯಿ ಮಾಡ್ತಾರ, ಪಂಕ್ತ್ಯಾಗ ಎದುರುಬದುರು ಕುಂತು ಉಣ್ತಾರ, ಆದ್ರ ಮುಖ ನೋಡಿ ಒಂದು ಅಕ್ಷರ ಅನ್ನಂಗಿಲ್ಲ. ಹೇಳಲೇಬೇಕಾದ್ದು ಇದ್ರ ಗ್ವಾಡಿಗೆ ಹೇಳ್ತಾರ, ಕಟ್ಟಿದ ಎಮ್ಮಿಗೆ ಹೇಳ್ತಾರ. ‘ಎಮ್ಮೀ, ನಾಳೆ ನಳ ಬರಂಗಿಲ್ಲಂತ, ಕೇಳಿದ್ಯಾ?’ ಕೇಳಬೇಕಾದೋರು ಅತ್ತ ಮುಖ ಮಾಡಿ ಕೇಳಿಸ್ಕೊಂತಾರ. ಯಾರು ಮೊದಲು ನೇರ ಮಾತಾಡಿದ್ರೋ ಅವರು ಸೋತಂಗ. ಗೆದ್ದೋರಿಗೆ ಯಾರು ಬಂಗಾರದ ಕಡಗ ತೊಡಿಸ್ತಾರೋ, ಆ ದೇವರಿಗೇ ಗೊತ್ತು.

ಎಣ್ಣಿ ಮಿಲ್ಲಿನ ಶಿವಯೋಗಪ್ಪ ಮತ್ತ ಅವನ ತಮ್ಮ ಸೋಮಶೇಖರ್ ಹತ್ತು ಹನ್ನೆರಡು ವರ್ಷ ಹಿಂಗ ಕಳೆದ್ರು. ಅಣ್ಣಂದು ಹರಪನಹಳ್ಳಿ ರಸ್ತೆದಾಗ ಶೇಂಗಾ ಎಣ್ಣಿ ಮಿಲ್ಲು, ತಮ್ಮಂದು ಬಸ್ ಸ್ಟ್ಯಾಂಡ್ ಮಗ್ಗಲಾಗ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಅಣ್ಣ ಎಪ್ಪತ್ತರ ಹೊಸ್ತಿಲಾಗ ಇದ್ದ, ತಮ್ಮ ಅರವತ್ತು ದಾಟಿದ್ದ. ಆಸ್ತಿದು ಏನೂ ತಕರಾರು ಇರಲಿಲ್ಲ. ಅದಿದ್ದಿದ್ರ ಕೋರ್ಟಿನಾಗ ಮುಗೀತಿತ್ತು, ಚಲೋ ಆಗ್ತಿತ್ತು. ಇವರಿಬ್ಬರದು ಅವ್ವನ ಮಣ್ಣಿನ ತಕರಾರು.

ಅವರವ್ವ ಹಾಸಿಗಿ ಹಿಡಿದಾಗ, ಹಡಗಲಿ ಮಲ್ಲಿಗಿ ಮೂಸಬೇಕು ಅಂದ್ಲು. ಸೋಮಶೇಖರ್ ತಾನ ಹೋಗಿ ತರ್ತೀನಂತ ಬೆಳಿಗ್ಗಿ ಬಸ್ ಹತ್ತಿದ. ಅತ್ತ ಅವನು ಹಡಗಲಿ ಸೇರಿದ, ಇತ್ತ ಅವ್ವ ಹೋದ್ಲು. ಫೋನು ಮಾಡಿದ್ರ ಹತ್ತವಲ್ದು, ಚಾರ್ಜು ಸತ್ತಿತ್ತು. ಬ್ಯಾಸಿಗಿ ಬಿಸಲು, ಮಂದಿ ಅವಸರ ಮಾಡಿದ್ರು, ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕಂತ ಅಯ್ಯನೋರು ಅಂದ್ರು. ಶಿವಯೋಗಪ್ಪ ರಸ್ತೆ ನೋಡಿ ನೋಡಿ ಸಾಕಾಗಿ ಕಡೀಗೆ ಆತು ಅಂದ. ತಮ್ಮ ಹೂವಿನ ಪೊಟ್ಟಣ ಹಿಡಕೊಂಡು ಓಡಿ ಬಂದಾಗ ಗುಂಡಿ ಮುಚ್ಚಿತ್ತು. ಅವ್ವಗ ಒಂದು ಮುಷ್ಟಿ ಮಣ್ಣು ಕೊಡೂದು ಸೈತ ಅವನಿಗೆ ಸಿಗಲಿಲ್ಲ. ಹೊಟ್ಟಿ ಉರಿದು ಊರ ಮಂದಿ ಮುಂದ ಅಂದಬಿಟ್ಟ: “ನೀನು ನನಗ ಅಣ್ಣನ ಅಲ್ಲ.” ಶಿವಯೋಗಪ್ಪಗೂ ಸಿಟ್ಟು ನೆತ್ತಿಗೇರಿತು. “ಅಲ್ಲಂದ್ರ ಅನ್ನಬ್ಯಾಡ. ಇನ್ನ ಮ್ಯಾಲೆ ನಿನ್ನ ಬಾಯಾಗ ಅಣ್ಣಾ ಅಂತ ಬರಬಾರದು” ಅಂದ. ಅಷ್ಟ. ಅಲ್ಲಿಗೆ ಮಾತು ಬಿಟ್ರು.

ಮೊನ್ನೆ ಸಂಕ್ರಮಣ ಕಳದ ಮ್ಯಾಲೆ ಶಿವಯೋಗಪ್ಪನ ಹೆಂಡ್ತಿ ನಾಗಲಿಂಗಮ್ಮ ಸೋಮಶೇಖರನ ಅಂಗಡಿಗೆ ಬಂದ್ಲು. ಆಕೀದು ಮೈದುನನ ಕೂಡ ಮಾತು ಇತ್ತು, ಹೆಣ್ಣುಮಕ್ಕಳು ಇಂಥಾ ಹುಚ್ಚಾಟಕ್ಕ ಸೇರಂಗಿಲ್ಲ. ಸ್ಟೂಲಿನ ಮ್ಯಾಲೆ ಕುಂತು ಸೆರಗಿಲೆ ಗಾಳಿ ಬೀಸ್ಕೊಂತ ಅಂದ್ಲು: “ಸೋಮಪ್ಪಾ, ನಿಮ್ಮಣ್ಣಾರು ಮಧ್ಯಾಹ್ನ ಉಂಡು ಅಡ್ಡಾಗಿರ್ತಾರಲ್ಲ, ನಿದ್ದ್ಯಾಗ ಸೋಮ್ಯಾ ಸೋಮ್ಯಾ ಅಂತಾರ. ಎದ್ದ ಮ್ಯಾಲೆ ಕೇಳಿದ್ರ, ಅಂದೇ ಇಲ್ಲ ಅಂತ ನನ್ನ ಮ್ಯಾಲೆ ಹರಿಹಾಯ್ತಾರ.”

ಸೋಮಶೇಖರ್ ಕೈಯಾಗಿನ ಫ್ಯಾನ್ ಬೆಲ್ಟು ಕೆಳಗಿಟ್ಟ. ಅವ್ವ ಹೋದ ಮ್ಯಾಲೆ ಅವನನ್ನ ಸೋಮ್ಯಾ ಅನ್ನೋನು ಭೂಮಿ ಮ್ಯಾಲೆ ಒಬ್ಬನ ಉಳಿದಿದ್ದ. ಊರಿಗೆಲ್ಲಾ ಅವನು ಸೋಮಶೇಖರಪ್ನೋರು, ಅಂಗಡಿ ಸಾಹುಕಾರ್ರು. ಮುದುಕ ಆಗೋ ಹೊತ್ತಿಗೆ ಮನುಷ್ಯಾಗ ಬೇಕಾಗೂದು ಇಂಥಾ ಸಾಹುಕಾರಕಿ ಅಲ್ಲ ನೋಡ್ರಿ. ತನ್ನನ್ನ ಚಡ್ಡಿ ಹಾಕ್ಕೊಂಡಾಗ ಕಂಡೋರು ಒಬ್ಬರು ಬೇಕಾಗ್ತಾರ.

“ನಾನೇನು ಮಾಡ್ಲಿ ಅತ್ತಿಗೀ?” ಅಂದ.

“ನಿಮ್ಮಪ್ಪನ ಗಾಡಿ ಐತಲ್ಲ ಮಿಲ್ಲಿನಾಗ, ಅದನ್ನ ಎಬ್ಬಿಸ್ರಿ. ಅದರಾಗ ಎರಡೇ ಸೀಟು. ಎದ್ದ ದಿನ ಇಬ್ಬರೂ ಮಗ್ಗಲಿಗೆ ಮಗ್ಗಲು ಕುಂದರಲೇಬೇಕು. ಎಷ್ಟಂತ ಬಾಯಿ ಮುಚ್ಕೊಂಡು ಕುಂದರ್ತೀರಿ, ನೋಡೇಬಿಡ್ತೀನಿ.”

ಆ ಗಾಡಿ ಬಗ್ಗಿ ಹೇಳ್ಬೇಕು. ಸಂಡೂರು ಕಡೆ ಅದಿರಿನ ಗಣ್ಯಾಗ ಮ್ಯಾನೇಜರ್ ಆಗಿದ್ದ ಒಬ್ಬ ವಿಲಾಯತಿ ಮನುಷ್ಯಾ ತನ್ನೂರಿಗೆ ಹೋಗುವಾಗ ಇವರಪ್ಪಗ ಕೊಟ್ಟು ಹೋಗಿದ್ದ ಸ್ಪೋರ್ಟ್ಸ್ ಕಾರು. ಕುಂಕುಮದ ಬಣ್ಣ, ತಲಿ ಮ್ಯಾಲೆ ಚಾವಣಿ ಇಲ್ಲ, ನೆಲಕ್ಕ ಹೊಟ್ಟಿ ಹಚ್ಚಿ ಓಡೂದು. ಅದು ಹೊಂಟ್ರ ಚಿಗಟೇರಿ ತನಕ ಮಂದಿ ಹೊಲದಾಗಿನ ಕೆಲಸ ಬಿಟ್ಟು ನಿಂತು ನೋಡ್ತಿದ್ರು. ವಯಸ್ಸಿನಾಗ ಅಣ್ಣ ತಮ್ಮ ಇಬ್ಬರೂ ಅದನ್ನ ಹಲವಾಗಲು ಹೊಳಿ ದಂಡಿ ತನಕ ಬಿಟ್ಟು, ಕೂದಲ ತುಂಬ ಧೂಳು ತುಂಬ್ಕೊಂಡು ಬರ್ತಿದ್ರು. ಮಾತು ಬಿಟ್ಟ ಮ್ಯಾಲೆ ಅದನ್ನ ಯಾರೂ ಮುಟ್ಟಿರಲಿಲ್ಲ. ಮಿಲ್ಲಿನ ಹಿಂದಿನ ಶೆಡ್ಡಿನಾಗ ಹಿಂಡಿ ಚೀಲದ ಮಗ್ಗಲಾಗ ನಿಂತು, ಒಳಗ ಇಲಿ ಮರಿ ಹಾಕಿದ್ವು.

ಸೋಮಶೇಖರ್ ಒಂದು ಐತವಾರ ಬೋಲ್ಟು ಬಿಚ್ಚೂ ಪಾನಾ ಡಬ್ಬಿ ತಗೊಂಡು ಮಿಲ್ಲಿನ ಗೇಟಿಗೆ ಬಂದು ನಿಂತ. ಶಿವಯೋಗಪ್ಪ ನೋಡಿದ. ಶೆಡ್ಡಿನ ಕೀಲಿ ತಗೊಂಡು ಮುಂದ ನಡೆದ, ತಮ್ಮ ಹಿಂದ ನಡೆದ. ಹೊಸ ಬ್ಯಾಟರಿ ಹಾಕಿ, ಡಬ್ಬ್ಯಾಗಿನ ಪೆಟ್ರೋಲು ಟ್ಯಾಂಕಿಗೆ ಸುರುವಿದ್ರು. ಸುರುವಿದ್ದು ಸುರುವಿದಂಗ ಕೆಳಗ ತೊಟ ತೊಟ ಅಂತ ಇಳೀತು. ಶಿವಯೋಗಪ್ಪ ಗಾಡಿ ಹಿಂದ ಕುಂತು, ತುಕ್ಕು ಕಲೆತು ಕೆಂಪು ನೀರಾಗಿ ಬೀಳೂ ಪೆಟ್ರೋಲು ನೋಡಿದ. ಆಮ್ಯಾಲೆ ಗಾಡಿ ಬೆನ್ನು ತಟ್ಟಿ ಅಂದ:

“ಗಾಡೀ, ನಿನ್ನ ಹೊಟ್ಟಿ ತೂತು ಬಿದ್ದೈತಿ ನೋಡಲೇ.”

ಸೋಮಶೇಖರನ ಎದಿ ಝಲ್ ಅಂತು. ಅಷ್ಟು ವರ್ಷದ ಮ್ಯಾಲೆ ಅಣ್ಣನ ದನಿ ತನ್ನ ಕಡೆ ಬಂದಿತ್ತು, ಗಾಡಿಗೆ ಬಡಿದಾದ್ರೂ ಬಂದಿತ್ತಲ್ಲ. ಅವನೂ ಗಾಡಿ ಕಡೆನ ಮುಖ ಮಾಡಿ ಅಂದ: “ಗಾಡೀ, ಅವರಿಗೆ ಹೇಳು, ತ್ಯಾಪಿ ಹಚ್ಚಿದ್ರ ನಿಲ್ಲಂಗಿಲ್ಲ, ಟ್ಯಾಂಕ್ ಬಿಚ್ಚಿ ಹೊಸಾದ ಹಾಕ್ಬೇಕು.”

“ಗಾಡೀ, ಬಿಚ್ಚಲಿ ಅನ್ನು.”

ಹಿಂಗ ಶುರುವಾತು. ಐತವಾರ ಬಂತಂದ್ರ ಇಬ್ಬರೂ ಗಾಡಿ ಕೆಳಗ. ಟ್ಯಾಂಕಿನ ಪಟ್ಟಿ ಹಿಡಿದಿದ್ದ ಬೋಲ್ಟು ತುಕ್ಕಿನಾಗ ಕೂಡಿ ಹೋಗಿದ್ವು, ಸೀಮೆಣ್ಣಿ ಹಾಕಿ ಕಾದ್ರೂ ಅಲ್ಲಾಡಲಿಲ್ಲ. ಮಕಾಡೆ ಬಿದ್ದು, ಅಂಗಾತ ಬಿದ್ದು, ಒಬ್ಬನು ಪಾನಾ ಹಿಡಿದ್ರ ಒಬ್ಬನು ಸುತಗಿಲೆ ಬಡಿದ. ತುಕ್ಕಿನ ಹುಡಿ ಇಬ್ಬರ ಕಣ್ಣಾಗೂ ಬಿತ್ತು. ಟ್ಯಾಂಕು ಕೆಳಗ ಇಳಿದಾಗ ಶಿವಯೋಗಪ್ಪ ಮೂಲಿಗೆ ಬೆರಳು ಒತ್ತಿದ, ಬೆರಳು ಸೀದಾ ಒಳಗ ಹೋತು. ಇನ್ನ ಎಲ್ಲೆಲ್ಲಿ ತೂತದಾವ ನೋಡಾನಂತ ಇನ್ನಷ್ಟು ಪೆಟ್ರೋಲು ಹಾಕಿ ಕುಲುಕಿದ್ರು, ಚೆಲ್ಲಿದ್ರು. ಉಳಿದಷ್ಟು ಒಳಗ ಉಳೀತು. ಹಳೇ ಟ್ಯಾಂಕನ್ನ ಶೆಡ್ಡಿನ ಮೂಲಿಯಾಗ ಇಟ್ಟು ಕೈ ತೊಳಕೊಂಡ್ರು.

ಇಂಥಾ ಗಾಡಿಗೆ ಟ್ಯಾಂಕು ಪ್ಯಾಟ್ಯಾಗ ಎಲ್ಲಿ ಸಿಗಬೇಕು? ಹಗರಿಬೊಮ್ಮನಹಳ್ಳಿಯಾಗ ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕು ಮಾಡೂ ಹೊನ್ನೂರಸ್ವಾಮಿ ಅಂತ ಒಬ್ಬ ವೆಲ್ಡಿಂಗಿನವ ಇದ್ದ. ಅವನ ಕೈಲೆ ಮಾಡಸೂದು ಅಂತಾತು. ಶಿವಯೋಗಪ್ಪ ರಟ್ಟು ಕತ್ತರಿಸಿ ಅಳತಿ ತಗೊಂಡ, ಎಲ್ಲೆಲ್ಲಿ ಪೈಪು, ಎಲ್ಲೆಲ್ಲಿ ಬಾಯಿ ಅಂತ ಗುರುತು ಮಾಡಿದ. ಮಾಡಿ ರಟ್ಟನ್ನ ಗಾಡಿ ಸೀಟಿನ ಮ್ಯಾಲೆ ಇಟ್ಟ. “ಗಾಡೀ, ದಪ್ಪ ತಗಡು ಹಾಕಸಂತ ಹೇಳು ನಿನ್ನ ಸಾಹೇಬಗ. ಈಗಿನ ಪೆಟ್ರೋಲಿನಾಗ ಸ್ಪಿರಿಟ್ ಬೆರಸ್ತಾರ, ಅದು ನೀರು ಎಳಕೊಂತತಿ, ತೆಳ್ಳಂದು ಬಾಳಂಗಿಲ್ಲ.” ಸೋಮಶೇಖರ್ ಸೀಟಿನ ಮ್ಯಾಲಿನ ರಟ್ಟು ತಗೊಂಡ. “ಗಾಡೀ, ಅಂಗಡಿ ಇಟ್ಟೋರಿಗೆ ಅಷ್ಟೂ ಗೊತ್ತಾಗಂಗಿಲ್ಲೇನು ಅಂತ ಕೇಳು” ಅಂದ. ಶಿವಯೋಗಪ್ಪ ಅತ್ತ ತಿರುಗಿ ನಕ್ಕ. ನಕ್ಕಿದ್ದು ಬೆನ್ನಿನ ಮ್ಯಾಲೆ ಕಾಣ್ತಿತ್ತು.

ಬರಬರ್ತ ಗಾಡಿ ಕೂಡ ಎಷ್ಟು ಮಾತು ಅಂತೀರಿ! ನಾಗಲಿಂಗಮ್ಮ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ರ, ಶಿವಯೋಗಪ್ಪ ಗಾಡಿಗೆ ಕೇಳ್ತಿದ್ದ: “ಗಾಡೀ, ನಿನ್ನ ಸಾಹೇಬಗ ಶುಗರ್ ಹೆಂಗೈತಂತ? ಎಣ್ಣ್ಯಾಗ ಕರದಿದ್ದು ತಿನ್ನಬಹುದೋ?” ಸೋಮಶೇಖರ್ ತಿನಕೊಂತ: “ಗಾಡೀ, ಎಣ್ಣಿ ಮಿಲ್ಲಿನೋರು ಹಿಂಗ ಕೇಳಿದ್ರ ಯಾಪಾರ ಹೆಂಗ ನಡೀಬೇಕು ಅಂತ ಹೇಳು.” ತಂಬ್ರಹಳ್ಳಿಯಾಗ ಗಾಡಿ ಕೆಟ್ಟು ಕುರಿ ಹಟ್ಟ್ಯಾಗ ಮಲಗಿದ್ದು, ಅಪ್ಪನ ಕೈಲೆ ಇಬ್ಬರೂ ಬಾರಕೋಲಿನ ಏಟು ತಿಂದಿದ್ದು, ಎಲ್ಲಾ ಗಾಡಿ ಕೇಳ್ತು. ನಾಗಲಿಂಗಮ್ಮ ಬಾಗಲಾಗ ನಿಂತು ಹಣಿ ಹಣಿ ಬಡಕೊಂತಿದ್ಲು. “ಇಷ್ಟೆಲ್ಲಾ ಮಾತಾಡ್ತೀರಲ್ರೀ, ಇನ್ನೊಂದು ಗೇಣು ಈಚೆ ಬಂದ್ರ ನಿಮ್ಮ ಗಂಟೇನು ಹೋಗ್ತತಿ?” ಇಬ್ಬರೂ ಕೇಳಿಸದೋರಂಗ ಪಾನಾ ಹುಡುಕ್ತಿದ್ರು.

ನನ್ನ ಕೇಳಿದ್ರ ಇವರನ್ನ ಕೆಡಿಸಿದ್ದು ಆ ಗಾಡೀನ. ಅದು ಇಲ್ಲದಿದ್ರ ಒಂದಲ್ಲಾ ಒಂದು ದಿನ ನೇರ ಮಾತು ಬರಲೇಬೇಕಿತ್ತು. ಗಾಡಿ ನಡುವ ಇದ್ದದ್ದಕ್ಕ ಇಬ್ಬರಿಗೂ ಆರಾಮಾಗಿಬಿಟ್ಟಿತ್ತು. ಮಾತೂ ಆಗ್ತಿತ್ತು, ಹಟಾನೂ ಉಳೀತಿತ್ತು. ಹಟಕ್ಕಿಷ್ಟು ಮಣ್ಣು ಹಾಕ.

ಆದ್ರ ಸೋಮಶೇಖರ್ ಒಳಗೊಳಗ ನಿರ್ಧಾರ ಮಾಡಿದ್ದ. ತಾನ ಸೋಲೂದು ಅಂತ. ಹೊಸ ಟ್ಯಾಂಕು ಕುಂತು, ಗಾಡಿ ಚಾಲೂ ಆಗಿ, ಇಬ್ಬರೂ ಮಗ್ಗಲಿಗೆ ಮಗ್ಗಲು ಕುಂತ ಮ್ಯಾಲೆ, ಹರಪನಹಳ್ಳಿ ರಸ್ತೆದಾಗ ಗಾಳಿ ಮುಖಕ್ಕ ಬಡಿಯುವಾಗ ಅಣ್ಣಾ ಅನ್ನೂದು. ಅವನು ಸೋಮ್ಯಾ ಅಂದೇ ಅಂತಾನ, ಅನ್ನದ ಹೆಂಗಿರ್ತಾನ? ಅಂಗಡ್ಯಾಗ ಗಿರಾಕಿ ಇಲ್ಲದಾಗ ಒಬ್ಬನ ಕುಂತು ಅಣ್ಣಾ, ಅಣ್ಣಾ ಅಂತ ಅಂದು ನೋಡ್ತಿದ್ದ. ತನ್ನ ದನಿ ತನಗ ಬ್ಯಾರೇದವರದು ಅನಸ್ತಿತ್ತು. ಈ ವಯಸ್ಸಿನಾಗ ಇದೆಂಥಾ ನಾಚಿಕಿ ಅಂತ ತನ್ನನ್ನ ತಾನ ಬೈಕೊಂತಿದ್ದ.

ಹೊನ್ನೂರಸ್ವಾಮಿ ಟ್ಯಾಂಕು ಚಲೋ ಮಾಡಿ ಕೊಟ್ಟ. ಆ ಐತವಾರ ಇಬ್ಬರೂ ಸೇರಿ ಅದನ್ನ ಎತ್ತಿ ಗಾಡಿಗೆ ಕುಂದರಿಸಿದ್ರು, ಹೊಸ ಪಟ್ಟಿ ಬಿಗಿದ್ರು, ಹೊಸ ರಬ್ಬರ್ ಪೈಪು ಹಾಕಿದ್ರು. ಪೆಟ್ರೋಲು ಸುರುವಿದ್ರ ಒಂದು ಹನಿ ಕೆಳಗ ಬೀಳಲಿಲ್ಲ. ಸೋಮಶೇಖರ್ ಕಡೇ ಬೋಲ್ಟು ಬಿಗಿಯಾಕ ಮತ್ತ ಗಾಡಿ ಕೆಳಗ ಹೋದ. ಇನ್ನೊಂದು ಚೂರು ಹೊತ್ತು, ಆಮ್ಯಾಲೆ ಕೀಲಿ ತಿರುವೂದು, ಆಮ್ಯಾಲೆ ಅಣ್ಣಾ ಅನ್ನೂದು. ಅವನ ತಲ್ಯಾಗ ಬ್ಯಾರೆ ಏನೂ ಇರಲಿಲ್ಲ.

ಶಿವಯೋಗಪ್ಪ ಮೂಲಿಯಾಗಿನ ಹಳೇ ಟ್ಯಾಂಕನ್ನ ಎಳಕೊಂಡು ಶೆಡ್ಡಿನ ನಡುವ ತಂದ. ಎಣ್ಣಿ ತೆಗಿಯೋರ ಮನಿತನದಾಗ ಒಂದು ಪದ್ಧತಿ ಇತ್ತು. ಹಳೇ ಗಾಣದ ಕಾಲದಿಂದ ಬಂದದ್ದು. ಸವೆದ ಒನಿಕಿ ಆಗಲಿ, ಮುರಿದ ತಕ್ಕಡಿ ಆಗಲಿ, ದುಡಿದ ವಸ್ತು ಹೊರಗ ಹಾಕುವಾಗ ಹಂಗ ಬಿಸಾಕಂಗಿಲ್ಲ. ವಿಭೂತಿ ಹಚ್ಚಿ, ಕರ್ಪೂರ ಬೆಳಗಿ, ಕೈ ಮುಗಿದು ಕಳಸ್ತಾರ. ಅಪ್ಪ ಹಂಗ ಮಾಡ್ತಿದ್ದ, ಮಗನೂ ಅದನ್ನ ಬಿಟ್ಟಿರಲಿಲ್ಲ. ಶಿವಯೋಗಪ್ಪ ತುಕ್ಕು ಹಿಡಿದ ತಗಡಿಗೆ ಮೂರು ಬೆರಳಿಲೆ ವಿಭೂತಿ ಎಳೆದ. ಅದರ ಮ್ಯಾಲೆ, ತೆರೆದ ಬಾಯಿ ಮಗ್ಗಲಾಗ, ಕರ್ಪೂರದ ಬಿಲ್ಲಿ ಇಟ್ಟ.

“ಗಾಡೀ, ಇಷ್ಟು ವರ್ಷ ನಿನ್ನ ಹೊಟ್ಟಿ ಹೊರದೈತಿ ಇದು. ಗುಜರಿಯೋರಿಗೆ ಕೊಡೂಕಿಂತ ಮೊದಲು ಒಂದು ಬೆಳಗಿಬಿಡಾನು” ಅಂದ.

ಸೋಮಶೇಖರ್ ಗಾಡಿ ಕೆಳಗಿಂದ ಕತ್ತು ಹೊರಳಿಸಿದ. ಅಣ್ಣನ ಕಾಲು ಕಂಡ್ವು, ಟ್ಯಾಂಕು ಕಂಡ್ತು, ಅದರ ಮ್ಯಾಲಿನ ಬೆಳ್ಳನ ಬಿಲ್ಲಿ ಕಂಡ್ತು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಕೆಟ್ಟದ್ದು, ಅದರೊಳಗಿನ ಗಾಳೀನ ಹೊತ್ತಿಕೊಂತತಿ ಅಂತ ಅವನು ತನ್ನ ಅಂಗಡಿಗೆ ಬರೂ ಡ್ರೈವರ್ ಮಂದಿಗೆಲ್ಲಾ ಹೇಳ್ತಿದ್ದ. ಇದನ್ನೂ ನೀರು ಹಾಕಿ ತೊಳದು ಇಡಬೇಕಂತ ಹೋದ ವಾರನ ಅನ್ಕೊಂಡಿದ್ದ. ಅನ್ಕೊಂಡು ಮರೆತಿದ್ದ.

ಅಣ್ಣಾ ಅಂತ ಒಂದು ಸಲ ಒದರಿದ್ರ ಆಗ್ತಿತ್ತು. ಎರಡು ಅಕ್ಷರ. ಅದು ಗಂಟಲ ತನಕ ಬಂದಿತ್ತು ಸೈತ. ಆದ್ರ ಇಷ್ಟು ವರ್ಷ ಪಳಗಿದ ನಾಲಿಗಿ ಅವನ ಮಾತು ಕೇಳಲಿಲ್ಲ, ತನ್ನ ರೂಢಿ ಹಿಡೀತು.

“ಗಾಡೀ, ಅವರಿಗೆ ಹೇಳು, ಖಾಲಿ ಟ್ಯಾಂಕಿನ ಮುಂದ ಕಡ್ಡೀನ...”

ನಮ್ಮ ಮಾತಿನ ಹಣೆಬರಹ ನೋಡ್ರಿ. ಬ್ಯಾಡ ಅನ್ನೂದು ನಮ್ಮ ಮಾತಿನಾಗ ಕಟ್ಟಕಡೀಗೆ ಬರ್ತತಿ. ಗೀರಬ್ಯಾಡ ಅನ್ನೂದು ಗಾಬರಿಗೆ ಬಾಯಾಗ ಸಿಕ್ಕೊಂತು. ಶಿವಯೋಗಪ್ಪಗ ಕಡ್ಡಿ ಅಂದದ್ದಷ್ಟ ಕೇಳಿಸಿತು. ತಮ್ಮ ಕಡ್ಡಿ ಬೇಕೇನು ಅಂತ ಕೇಳ್ತಾನ ಅನ್ಕೊಂಡು, ಕೈಯಾಗಿನ ಕಡ್ಡಿಪೆಟ್ಟಿಗಿ ಎತ್ತಿ ಗಾಡಿಗೆ ತೋರಿಸಿದ. ತೋರಿಸಿ, ನಕ್ಕೊಂತ, ಗೀರಿದ.

ಸಪ್ಪಳ ಬಸ್ ಸ್ಟ್ಯಾಂಡ್ ತನಕ ಕೇಳಿಸ್ತಂತ. ಶೆಡ್ಡಿನ ಶೀಟು ಹಾರಿದ್ವು. ಸೋಮಶೇಖರ್ ಗಾಡಿ ಕೆಳಗ ಇದ್ದದ್ದಕ್ಕ ಅವನಿಗೆ ಮೊಣಕೈ ತರಚಿದ್ದು ಬಿಟ್ರ ಏನೂ ಆಗಲಿಲ್ಲ. ಹೊರಗ ತೆವಳಿ ಬಂದು ನೋಡಿದ್ರ, ಹಿಂಡಿ ಚೀಲದ ಮ್ಯಾಲೆ ಬಿದ್ದಿದ್ದ ಅಣ್ಣನ ಅಂಗಿ ಉರೀತಿತ್ತು. ಗೋಣಿಚೀಲ ಹಾಕಿ ತಬ್ಬಿಕೊಂಡು ಆರಿಸಿದ. ಆಗ ಬಂತು ನೋಡ್ರಿ ಮಾತು. “ಅಣ್ಣಾ! ಅಣ್ಣಾ! ನಾನು ಸೋಮ್ಯಾ, ಅಣ್ಣಾ!” ಮಿಲ್ಲಿನ ಹಮಾಲರು ಓಡಿ ಬಂದು ಬಿಡಿಸೂತನ ಒದರಿಕೊಂತ ಇದ್ದ. ಶಿವಯೋಗಪ್ಪ ಉಸಿರಾಡ್ತಿದ್ದ, ಆದ್ರ ಎಚ್ಚರ ಇರಲಿಲ್ಲ.

ದಾವಣಗೆರಿ ಆಸ್ಪತ್ರಿಗೆ ಒಯ್ದ್ರು. ಮುಖಕ್ಕ ಬೆಂಕಿ ಹೊಡೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ರು, ಎರಡೂ ಕೈ ಮೊಣಕೈ ತನಕ ಸುತ್ತಿದ್ರು. ಟ್ಯಾಂಕಿನ ತಗಡು ಹಾರಿ ಹೊಟ್ಟಿಗೆ ಬಡಿದಿತ್ತು. ಡಾಕ್ಟರು ಸೋಮಶೇಖರನ್ನ ಹೊರಗ ಕರದು, ಒಳಗ ರಕ್ತ ನಿಲ್ಲವಲ್ದು, ನೋಡೋರು ಇದ್ರ ಕರಸ್ರಿ ಅಂದ್ರು. “ಮಾತಾಡಿಸಬಹುದೇನ್ರಿ?” ಅಂತ ಕೇಳಿದ. “ಎಚ್ಚರ ಆದ್ರ ಅವರು ಮಾತಾಡಬಹುದು. ನೀವು ಮಾತಾಡಿದ್ದು ಅವರಿಗೆ ಕೇಳಂಗಿಲ್ಲ. ಕಿವಿ ತಮಟಿ ಎರಡೂ ಹರಿದಾವ” ಅಂದ್ರು.

ಮರುದಿನ ಮುಂಜಾನೆ ಶಿವಯೋಗಪ್ಪಗ ಎಚ್ಚರಾತು. ನೋವಿನ ಇಂಜೆಕ್ಷನ್ನಿನ ಅಮಲು ಇನ್ನೂ ಇತ್ತು. ತನಗ ಕೇಳಂಗಿಲ್ಲ ಅನ್ನೂದು ಅವನಿಗೆ ತಿಳಿದಿರಲಿಲ್ಲ, ತಿಳಿಸೂದು ಯಾರಿಗೂ ಸಾಧ್ಯ ಇರಲಿಲ್ಲ. “ನಾಗೀ, ಯಾಕ ಎಲ್ಲಾರೂ ಸುಮ್ಮನದೀರಿ? ನಾನೇನು ಸತ್ತೀನೇನು?” ಅಂದ. ನಾಗಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅವನ ಭುಜ ಹಿಚುಕಿದ್ಲು.

“ಸೋಮ್ಯಾ ಬಂದಾನೇನು?”

ಆಕಿ ಮತ್ತ ಭುಜ ಹಿಚುಕಿದ್ಲು. ಅದಕ್ಕ ಹೌದು ಅಂತ ತಿಳಕೊಂಡ.

ಸೋಮಶೇಖರ್ ಕಿವಿಗೆ ಬಾಯಿ ಹಚ್ಚಿ ಒದರಿದ. “ಅಣ್ಣಾ, ಇಲ್ಲೇ ಅದೀನಿ, ನಾನ ಅಣ್ಣಾ, ತಪ್ಪಾತು ಅಣ್ಣಾ.” ಶಿವಯೋಗಪ್ಪನ ಮುಖದಾಗ ಏನೂ ಅಲುಗಲಿಲ್ಲ. ಕೈ ಹಿಡಿಯಾಕ ಕೈ ಇರಲಿಲ್ಲ, ಬರೇ ಬಟ್ಟಿ. ಸೋಮಶೇಖರ್ ಕೆಳಗ ಹೋಗಿ ಎರಡೂ ಕಾಲು ಹಿಡಕೊಂಡು ಹಣಿ ಇಟ್ಟ. ಶಿವಯೋಗಪ್ಪ ಕಾಲು ಹಿಂದಕ್ಕ ಎಳಕೊಂಡ. “ಯಾರಪ್ಪಾ ಅದು, ಡಾಕ್ಟರೇನು? ಕಾಲು ಬಿಡ್ರಿ, ತ್ರಾಸಾಗ್ತತಿ” ಅಂದ.

ಆಮ್ಯಾಲೆ ಮೆಲ್ಲಗ ಅಂದ:

“ಗಾಡೀ, ನನ್ನ ತಮ್ಮಗ ಹೇಳು. ನಾನು ಸೋತೆ ಅಂತ ಹೇಳು. ಸೋಮ್ಯಾ ಅಂತ ನಾನ ಮೊದಲು ಅಂದೀನಿ, ಎಲ್ಲಾರೂ ಕೇಳ್ಯಾರ. ಅವ್ವನ ಮಣ್ಣಿಗೆ ಇನ್ನೊಂದು ಚೂರು ಕಾಯಬೇಕಿತ್ತು ನಾನು. ಈಗ ಒಂದೇ ಒಂದು ಸಲ ಅಣ್ಣಾ ಅನ್ನಂತ ಹೇಳು.”

“ಅಣ್ಣಾ!” ಸೋಮಶೇಖರನ ದನಿ ಒಡೀತು. “ಅಣ್ಣಾ! ಅಣ್ಣಾ! ಅಯ್ಯೋ ಶಿವನೇ, ಅಣ್ಣಾ!”

ಶಿವಯೋಗಪ್ಪ ಕತ್ತು ಸ್ವಲ್ಪ ಎತ್ತಿ ಕಾದ. ಕೇಳಿಸಿಕೊಳ್ಳೋರಂಗ ಮುಖ ಒಂದು ಮಗ್ಗಲಿಗೆ ಮಾಡಿ ಕಾದ. ಆಮ್ಯಾಲೆ ತಲಿ ದಿಂಬಿಗೆ ಬಿತ್ತು.

“ಅನ್ನವಲ್ಲ ನೋಡು. ಆತು ಬಿಡು. ಅವನ ಸಿಟ್ಟೂ ಖರೇನ ಐತಿ” ಅಂದು ಗ್ವಾಡಿ ಕಡೆ ಮುಖ ತಿರುವಿದ.

ನರ್ಸಮ್ಮ ಓಡಿ ಬಂದು ಸೋಮಶೇಖರನ ತೋಳು ಹಿಡಿದ್ಲು. “ಎಷ್ಟು ಒದರ್ತೀರಿ ಯಜಮಾನ್ರೇ, ಮಗ್ಗಲ ಹಾಸಿಗಿಯೋರಿಗೆ ನಿದ್ದಿ ಬ್ಯಾಡೇನ್ರಿ? ಸುಮ್ಮನಿರ್ರಿ” ಅಂದ್ಲು. ಸೋಮಶೇಖರ್ ಸುಮ್ಮನಾಗಲಿಲ್ಲ. ಮಧ್ಯಾಹ್ನಕ್ಕ ಶಿವಯೋಗಪ್ಪ ಹೋದ ಮ್ಯಾಲೂ ಸುಮ್ಮನಾಗಲಿಲ್ಲ.